ಪೂರ್ವಾಪರ ಪರಿಶೀಲನೆ (ಸರ್ಕಾರಿ ನೇಮಕಾತಿ)

ಸರ್ಕಾರಿ ಹುದ್ದೆಗೆ ಆಯ್ಕೆಯಾದವರ ನಡತೆ, ವಾಸ, ಓದು ಮತ್ತು ಮೊಕದ್ದಮೆಗಳ ವಿವರವನ್ನು ನೇಮಕಾತಿ ಪ್ರಾಧಿಕಾರ ಪೊಲೀಸರ ಮೂಲಕ ವಿಚಾರಿಸಿ ತಿಳಿದುಕೊಳ್ಳುವ ಕ್ರಮ. ಜನರ ಬಾಯಲ್ಲಿ ಇದು ‘ಪೊಲೀಸ್ ವೆರಿಫಿಕೇಶನ್’. ಅಮೆರಿಕದಲ್ಲಿ ನೌಕರರಿಗೆ ರಹಸ್ಯ, ಪರಮ ರಹಸ್ಯ ಎಂದು ಹಂತಹಂತವಾಗಿ ಭದ್ರತಾ ಅನುಮತಿ ಕೊಡುತ್ತಾರೆ. ಭಾರತದಲ್ಲಿ ಆ ಬಗೆಯ ದರ್ಜೆಗಳು ಮುಖ್ಯವಾಗಿ ಕಡತಗಳಿಗಿವೆ. ಮನುಷ್ಯನನ್ನು ಸಾಮಾನ್ಯವಾಗಿ ಸೇವೆಗೆ ಸೇರುವಾಗ ಒಮ್ಮೆ ವಿಚಾರಿಸಿ ಬಿಡುತ್ತಾರೆ. ಬೇಹುಗಾರಿಕೆ, ರಕ್ಷಣೆ, ಅಣುಶಕ್ತಿಯಂಥ ಇಲಾಖೆಗಳಲ್ಲಿ ವಿಚಾರಣೆ ಇನ್ನಷ್ಟು ಬಿಗಿ.

ಕರ್ನಾಟಕದಲ್ಲಿ ಇದಕ್ಕೆ ಆಧಾರ 1977ರ ಕರ್ನಾಟಕ ಸಿವಿಲ್ ಸೇವಾ (ಸಾಮಾನ್ಯ ನೇಮಕಾತಿ) ನಿಯಮಗಳು. ಅಭ್ಯರ್ಥಿ ಸನ್ನಡತೆಯವನು, ಸರ್ಕಾರಿ ಸೇವೆಗೆ ಎಲ್ಲ ರೀತಿಯಲ್ಲೂ ತಕ್ಕವನು ಎಂದು ಪ್ರಾಧಿಕಾರಕ್ಕೆ ಮನದಟ್ಟಾಗದೆ ನೇಮಕ ಮಾಡುವಂತಿಲ್ಲ. ಕಡೆಗೆ ಓದಿದ ಶಾಲೆ ಅಥವಾ ಕಾಲೇಜಿನ ಪ್ರಮಾಣಪತ್ರದ ಜೊತೆಗೆ, ನೆಂಟರಲ್ಲದ ಇಬ್ಬರು ಗೌರವಾನ್ವಿತರಿಂದ ನಡತೆಯ ಪತ್ರ ತರಬೇಕೆಂಬುದು ಹಳೆಯ ರೂಢಿ. ಈ ಇಬ್ಬರ ಪತ್ರದಿಂದ ಯಾರ ಬಣ್ಣವೂ ಬಯಲಾಗುವುದಿಲ್ಲ. ಕೇಳಿದವರಿಗೆ ಇಲ್ಲವೆನ್ನುವ ಗೌರವಾನ್ವಿತರು ವಿರಳ. ನಿಜವಾದ ತೂಕ ಇರುವುದು ದೃಢೀಕರಣ ನಮೂನೆಗೆ. ಕೇಂದ್ರ ಸರ್ಕಾರದ ನಮೂನೆಯಲ್ಲಿ ಹಿಂದಿನ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಊರುಗಳನ್ನೆಲ್ಲ ಬರೆಯಬೇಕು. ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ, ದಂಡ ಬಿದ್ದಿತ್ತೇ, ಯಾವುದಾದರೂ ಪರೀಕ್ಷೆಯಿಂದ ಹೊರಹಾಕಿದ್ದರೇ ಎಂದು ಒಂದೊಂದಕ್ಕೂ ಉತ್ತರಿಸಬೇಕು. ಸುಳ್ಳು ಬರೆದರೆ, ಸಂಗತಿ ಮುಚ್ಚಿಟ್ಟರೆ ಅದೇ ಅನರ್ಹತೆ ಎಂಬ ಎಚ್ಚರಿಕೆ ನಮೂನೆಯ ತಲೆಯ ಮೇಲೇ ಇರುತ್ತದೆ.

ಇದು ನಡೆಯುವ ರೀತಿಯನ್ನು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಂಥ ಕಡೆ ಚೆನ್ನಾಗಿ ಕಾಣಬಹುದು. ಹಿಪ್ಪುನೇರಳೆ, ರೇಷ್ಮೆಗೂಡು, ಹಾಲಿನ ಡೇರಿ ನಂಬಿದ ಮನೆಯ ಹುಡುಗನೋ ಹುಡುಗಿಯೋ ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಕೋಚಿಂಗ್ ಪಡೆದು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪೊಲೀಸ್ ಅಥವಾ ಗ್ರಾಮ ಆಡಳಿತ ಅಧಿಕಾರಿ ಹುದ್ದೆಯ ಆಯ್ಕೆಪಟ್ಟಿಗೆ ಬರುತ್ತಾರೆ. ಇಲಾಖೆಯ ಪತ್ರ ಚಿಕ್ಕಬಳ್ಳಾಪುರದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಗೆ ಹೋಗಿ, ಅಲ್ಲಿಂದ ತಾಲ್ಲೂಕಿನ ಠಾಣೆಗೆ ಇಳಿಯುತ್ತದೆ. ರೂಮಿನ ವಿಳಾಸ ಬರೆದಿದ್ದರೆ ಬೆಂಗಳೂರಿನ ಠಾಣೆಗೂ ಒಂದು ಪ್ರತಿ. ಅಲ್ಲಿ ಮನೆ ಮಾಲೀಕರಿಗೆ ಬಾಡಿಗೆದಾರರ ನೆನಪೇ ಇಲ್ಲದೆ ವರದಿ ತಿಂಗಳುಗಟ್ಟಲೆ ನಿಲ್ಲುವುದುಂಟು. ಊರಿನಲ್ಲಿ ಮಾತ್ರ ಬೀಟ್ ಪೊಲೀಸರ ಕೆಲಸ ಸುಲಭ. ಅಂಗಡಿ ಕಟ್ಟೆಯಲ್ಲಿ ಕೇಳಿದರೆ ಸಾಕು, ಮೂರು ತಲೆಮಾರಿನ ಕಥೆ ಬರುತ್ತದೆ. ಜಮೀನಿನ ತಗಾದೆ ಇರುವ ಪಕ್ಕದ ಮನೆಯವರನ್ನು ಕೇಳಿದರೆ ಬೇರೆಯೇ ಕಥೆ. ಹೀಗಾಗಿ ಬಾಯಿಮಾತು ಏನೇ ಇದ್ದರೂ ವರದಿ ಕಡೆಗೆ ನಿಲ್ಲುವುದು ಠಾಣೆಯ ದಾಖಲೆಗಳ ಮೇಲೆ: ಎಫ್‌ಐಆರ್, ದೋಷಾರೋಪ ಪಟ್ಟಿ, ರೌಡಿ ಶೀಟ್.

ದಾಖಲೆ ಹುಡುಕುವಾಗ ಈ ಸೀಮೆಯದೇ ಒಂದು ತೊಡಕಿದೆ. ಕೋಲಾರ-ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಮುನಿಯಪ್ಪ, ನಾರಾಯಣಸ್ವಾಮಿ, ವೆಂಕಟೇಶಪ್ಪ ಎಂಬ ಹೆಸರಿನವರು ಬೀದಿಗೆ ಇಬ್ಬರು. ‘ನಾರಾಯಣಸ್ವಾಮಿ ಬಿನ್ ಮುನಿಯಪ್ಪ’ ಎಂದು ತಂದೆಯ ಹೆಸರು ಸೇರಿಸಿ ಬರೆದರೂ ಒಂದೇ ಹೋಬಳಿಯಲ್ಲಿ ನಾಲ್ಕು ಜನ ಸಿಗಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಇನಿಶಿಯಲ್, ಆಧಾರ್‌ನಲ್ಲಿ ಇನ್ನೊಂದು. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದ್ದರಿಂದ ಅದಕ್ಕೂ ಹಿಂದಿನ ಕಾಗದಗಳ ಮೇಲೆ ಜಿಲ್ಲೆಯ ಹೆಸರೇ ಬೇರೆ. 2009ರಲ್ಲಿ ಮಂಜೂರಾದ ಸಿಸಿಟಿಎನ್‌ಎಸ್ ಯೋಜನೆ ದೇಶದ ಠಾಣೆಗಳನ್ನು ಕಂಪ್ಯೂಟರ್ ಜಾಲಕ್ಕೆ ತಂದಿದ್ದರಿಂದ ಹುಡುಕಾಟ ಬೇಗ ಮುಗಿಯುತ್ತದೆ. ಆದರೆ ಸಿಕ್ಕ ಹೆಸರು ಈ ನಾರಾಯಣಸ್ವಾಮಿಯದೇ ಎಂದು ಹೇಳಲು ಹೋಬಳಿಯವರ ಮುಖಪರಿಚಯವಿರುವ ಪೇದೆಯೇ ಬೇಕು.

ಮೀಸಲಾತಿಯಡಿ ಆಯ್ಕೆಯಾದವರಿಗೆ ಪೊಲೀಸ್ ವರದಿಯ ಜೊತೆಗೆ ಇನ್ನೊಂದು ಪರಿಶೀಲನೆ ಇದೆ. ನಾಡಕಚೇರಿಯಲ್ಲಿ ಪಡೆದ ಜಾತಿ ಪ್ರಮಾಣಪತ್ರಕ್ಕೆ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯಿಂದ ‘ಸಿಂಧುತ್ವ’ ಮಾಡಿಸಬೇಕು. ಇದು 1990ರ ಮೀಸಲಾತಿ ಅಧಿನಿಯಮ ಮತ್ತು 1992ರ ನಿಯಮಗಳ ವ್ಯವಸ್ಥೆ. ಸುಳ್ಳು ಜಾತಿ ಪ್ರಮಾಣಪತ್ರದ ದೂರುಗಳನ್ನು ನಾಗರಿಕ ಹಕ್ಕುಗಳ ಜಾರಿ ನಿರ್ದೇಶನಾಲಯ ತನಿಖೆ ಮಾಡುತ್ತದೆ. ಅಭ್ಯರ್ಥಿಗಳನ್ನು ಕೇಳಿದರೆ ಪೊಲೀಸ್ ವರದಿಗಿಂತ ಸಿಂಧುತ್ವಕ್ಕೇ ಹೆಚ್ಚು ಅಲೆದಾಟ ಎನ್ನುವವರೇ ಬಹಳ.

ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಒರೆಗೆ ಹಚ್ಚುವುದು ಹೊಸದೇನಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ ಅಮಾತ್ಯರಿಗೆ ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧಾ ಪರೀಕ್ಷೆಗಳನ್ನು ಹೇಳುತ್ತದೆ. ಧರ್ಮದ ಪರೀಕ್ಷೆ ಗೆದ್ದವನನ್ನು ನ್ಯಾಯದಾನಕ್ಕೆ, ಹಣದ ಆಮಿಷ ಗೆದ್ದವನನ್ನು ಕಂದಾಯಕ್ಕೆ ಹಾಕಬೇಕು. ನಾಲ್ಕನ್ನೂ ಗೆದ್ದವನು ಮಂತ್ರಿ. ನಾಲ್ಕರಲ್ಲೂ ಸೋತವನನ್ನೂ ಕೌಟಿಲ್ಯ ಮನೆಗೆ ಕಳಿಸುವುದಿಲ್ಲ, ಗಣಿ, ಕಾಡು, ಆನೆವನಗಳಿಗೆ ಹಾಕುತ್ತಾನೆ. ಗಣಿ ಮತ್ತು ಕಾಡಿನ ಹಗರಣಗಳನ್ನು ಕಂಡ ರಾಜ್ಯದವರಿಗೆ ಈ ಸಲಹೆ ವಿಚಿತ್ರವಾಗಿ ಕಾಣಬಹುದು. ಕಾಣೆಯಾಗಿತ್ತೆಂದು ಬಗೆದಿದ್ದ ಈ ಗ್ರಂಥದ ಹಸ್ತಪ್ರತಿ ಬೆಳಕಿಗೆ ಬಂದದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು.

ಪೂರ್ವಾಪರ ಪರಿಶೀಲನೆಯಲ್ಲಿ ಕಳ್ಳತನ, ಹೊಡೆದಾಟಗಳಿಗಿಂತ ಕಗ್ಗಂಟಾದದ್ದು ಹೋರಾಟದ ಕೇಸುಗಳು. ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅಂಥ ಚಳವಳಿಯಲ್ಲಿ ಜೈಲು ಸೇರಿದ್ದು ಆಗಿನ ಸರ್ಕಾರದ ಕಣ್ಣಿಗೆ ಅಪರಾಧ. 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರ ಪಿಂಚಣಿ ತಂದಾಗ ಕನಿಷ್ಠ 6 ತಿಂಗಳು ಜೈಲಿನಲ್ಲಿದ್ದ ದಾಖಲೆ ಕೇಳಿತು. ಮುಚ್ಚಿಡಬೇಕಾಗಿದ್ದ ಕಾಗದಕ್ಕಾಗಿ ಮುದುಕರು ಜೈಲು ಕಚೇರಿಗಳಿಗೆ ಅಲೆಯುವಂತಾಯಿತು.

ಸ್ವತಂತ್ರ ಭಾರತದಲ್ಲೂ ರಾಜಕೀಯ ಒಲವನ್ನು ಕಪ್ಪುಚುಕ್ಕೆ ಮಾಡುವ ಅಭ್ಯಾಸ ಹೋಗಿರಲಿಲ್ಲ. ಮಧ್ಯಪ್ರದೇಶದಲ್ಲಿ ಪುರಸಭೆಯ ಶಾಲೆಯೊಂದನ್ನು ಸರ್ಕಾರ ವಹಿಸಿಕೊಂಡಾಗ ಪೂರ್ವಾಪರ ಪರಿಶೀಲನೆಗೆ ಒಳಪಟ್ಟು ಸೇವೆಗೆ ಸೇರಿದ ಶಿಕ್ಷಕ ರಾಮಶಂಕರ ರಘುವಂಶಿಯವರನ್ನು 1974ರಲ್ಲಿ ತೆಗೆದುಹಾಕಲಾಯಿತು. ಹಿಂದೆ ಆರ್‌ಎಸ್‌ಎಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿದ್ದರೆಂಬ ಪೊಲೀಸ್ ವರದಿಯೇ ಕಾರಣ. 1983ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು, ಅಭ್ಯರ್ಥಿಯ ರಾಜಕೀಯ ನಂಬಿಕೆಯ ಬಗ್ಗೆ ಪೊಲೀಸ್ ವರದಿ ತರಿಸುವುದೇ ಮೂಲಭೂತ ಹಕ್ಕಿಗೆ ಕೊಡಲಿಪೆಟ್ಟು ಎಂಬ ಅರ್ಥದ ತೀರ್ಪು ಕೊಟ್ಟರು. ಇವರೇ ಮುಂದೆ ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದದ್ದು. ಸಂಘದ ವಿಚಾರಕ್ಕೆ ಒಲಿದವರಲ್ಲದ ನ್ಯಾಯಮೂರ್ತಿಯಿಂದ ಈ ತೀರ್ಪು ಬಂದದ್ದರಿಂದ ಅದಕ್ಕೆ ಇನ್ನೂ ಹೆಚ್ಚಿನ ಬೆಲೆ.

ಈಗ ಚಾಲ್ತಿಯಲ್ಲಿರುವ ಮುಖ್ಯ ತೀರ್ಪು 2016ರ ಜುಲೈನಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ಅವತಾರ್ ಸಿಂಗ್ ಪ್ರಕರಣದ್ದು. ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕು. ಮುಚ್ಚಿಟ್ಟರೆ ನೇಮಕ ರದ್ದು ಮಾಡುವ ಅಧಿಕಾರ ಪ್ರಾಧಿಕಾರಕ್ಕಿದೆ. ಆದರೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ ಮುಚ್ಚಿಟ್ಟದ್ದನ್ನೂ ಮನ್ನಿಸಬಹುದು. ನಿಜ ಬರೆದವರನ್ನೂ ತೆಗೆದುಕೊಳ್ಳಲೇಬೇಕೆಂದಿಲ್ಲ, ಅಪರಾಧದ ಸ್ವರೂಪ ನೋಡಿ ತೀರ್ಮಾನಿಸಬಹುದು. ನಮೂನೆಯಲ್ಲಿ ಕೇಳಿರದ ಸಂಗತಿಯನ್ನು ಬರೆಯಲಿಲ್ಲವೆಂದು ಶಿಕ್ಷಿಸುವಂತಿಲ್ಲ. ಒಟ್ಟಿನಲ್ಲಿ ಹಳ್ಳಿಯ ಹುಡುಗರಿಗೆ ಕುತ್ತು ತರುವುದು ಕೇಸಿಗಿಂತ ‘ಇಲ್ಲ’ ಎಂದು ಬರೆದ ಒಂದು ಕಾಲಂ. ರಾಜಿಯಾಗಿ ಮುಗಿದ ಕೇಸು ಕೇಸೇ ಅಲ್ಲ ಎಂದುಕೊಂಡು ಹಾಗೆ ಬರೆದವರೇ ಹೆಚ್ಚು. ಬಾಲಾಪರಾಧದ ವಿಷಯ ಬೇರೆ: 2015ರ ಬಾಲನ್ಯಾಯ ಅಧಿನಿಯಮದ 24ನೇ ಕಲಂ ಪ್ರಕಾರ, ವಯಸ್ಕರಂತೆ ವಿಚಾರಣೆಗೆ ಒಳಗಾದ 16 ದಾಟಿದವರನ್ನು ಬಿಟ್ಟು, ಮಗುವಾಗಿದ್ದಾಗಿನ ತಪ್ಪು ಮುಂದೆ ಅನರ್ಹತೆಗೆ ಕಾರಣವಾಗಬಾರದು.

ಜಂಗಮಕೋಟೆಯ ಸುತ್ತಮುತ್ತ ಹೋರಾಟದ ಕೇಸಿನ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ಶಾಶ್ವತ ನೀರಾವರಿಗಾಗಿ ಈ ಬಯಲುಸೀಮೆಯ ರೈತರು 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್‌ಗಳಲ್ಲಿ ಬೆಂಗಳೂರಿಗೆ ನುಗ್ಗಿದ್ದರು. ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶಕ್ಕೆ ಜಮೀನು ಸ್ವಾಧೀನಪಡಿಸಿಕೊಳ್ಳಲು ಕೆಐಎಡಿಬಿ ಹೊರಟಾಗಲೂ ಪರ-ವಿರೋಧದ ಪ್ರತಿಭಟನೆಗಳು ನಡೆದವು. ಇಂಥ ಕಡೆ ರಸ್ತೆತಡೆಯಲ್ಲಿ ಕೂತವರ ಮೇಲೆ ಒಂದು ಎಫ್‌ಐಆರ್ ಆದರೆ, ಮಗನ ಹೆಸರೂ ಸೇರೀತೆಂದು ಓದುವ ಮಕ್ಕಳನ್ನು ದೂರವಿಡುವ ತಂದೆತಾಯಂದಿರು ಉಂಟು. ರೈತ ಹೋರಾಟದ ಮೊಕದ್ದಮೆಗಳನ್ನು ಹಿಂಪಡೆಯಲು ಸಚಿವ ಸಂಪುಟ ಆಗಾಗ ತೀರ್ಮಾನಿಸುತ್ತದೆ. ನ್ಯಾಯಾಲಯದ ಒಪ್ಪಿಗೆ ಸಿಕ್ಕ ಮೇಲೂ ಠಾಣೆಯ ದಾಖಲೆಯಲ್ಲಿ ಹೆಸರು ಉಳಿದಿರುತ್ತದೆ. ಕೇಸು ಹೀಗೆ ಮುಗಿಯಿತೆಂದು ಆದೇಶದ ನಕಲು ತೋರಿಸುವ ಹೊರೆ ಅಭ್ಯರ್ಥಿಯದೇ.

ಸೇವೆಗೆ ಸೇರಿದ ಮೇಲೆ ಪೊಲೀಸರು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಜಾಲಾಡಿದ ನೌಕರನನ್ನು ಅರವತ್ತರ ನಿವೃತ್ತಿಯವರೆಗೆ ಕಾಯುವುದು ವಾರ್ಷಿಕ ಆಸ್ತಿ ವಿವರ, ಕಾರ್ಯನಿರ್ವಹಣಾ ವರದಿ, ಮತ್ತು ದೂರು ಬಂದರೆ ಲೋಕಾಯುಕ್ತ. ದೋಷಾರೋಪ ಇರುವವರ ಬಡ್ತಿಯ ತೀರ್ಮಾನವನ್ನು ಮೊಹರು ಮಾಡಿದ ಲಕೋಟೆಯಲ್ಲಿಡುವ ಪದ್ಧತಿಗೆ 1991ರ ಜಾನಕಿರಾಮನ್ ತೀರ್ಪು ಗೆರೆ ಎಳೆಯಿತು. ಲಂಚದ ರುಚಿ ಹತ್ತುವುದು ಸಾಮಾನ್ಯವಾಗಿ ಕುರ್ಚಿ ಸಿಕ್ಕ ಮೇಲೆ. ಹೀಗಾಗಿ ಆರಂಭದ ವಿಚಾರಣೆಯಿಂದ ಅದನ್ನು ತಡೆಯಬಹುದೆಂದು ನಂಬುವುದು ಕಷ್ಟ. ಮಂತ್ರಿಗಳಿಗಂತೂ ಈ ವಿಚಾರಣೆಯೇ ಇಲ್ಲ. ಚುನಾವಣೆಗೆ ನಿಲ್ಲುವಾಗ ಕೇಸು, ಆಸ್ತಿಗಳ ಪ್ರಮಾಣಪತ್ರ ಸಲ್ಲಿಸಿ, ಮಂತ್ರಿಯಾಗುವಾಗ ಗೋಪ್ಯತೆಯ ಪ್ರಮಾಣವಚನ ತೆಗೆದುಕೊಂಡರೆ ಮುಗಿಯಿತು. ಅವರ ಕಚೇರಿಯ ಜವಾನರಿಗೆ ಮಾತ್ರ ಪೊಲೀಸ್ ವರದಿ ಬೇಕು.

ವರದಿ ಪ್ರತಿಕೂಲವಾಗಿ ನೇಮಕ ತಪ್ಪಿದವರು ಮೊದಲು ಹೋಗಬೇಕಾದದ್ದು 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಬೆಂಗಳೂರಿನ ಜೊತೆಗೆ ಬೆಳಗಾವಿ, ಕಲಬುರಗಿಗಳಲ್ಲೂ ಅದರ ಪೀಠಗಳಿವೆ. ಅಲ್ಲಿಯ ಆದೇಶವನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಬಹುದು.