ಬಿಸಿಲಿನಲ್ಲಿ ಆಲ್ಕೊಹಾಲ್: ಒಂದು ಉತ್ಕರ್ಷಣೆಯ ಇತಿಹಾಸ
ಆಲ್ಕೊಹಾಲ್ ಅಣುವಿನಿಂದ ಎರಡು ಹೈಡ್ರೋಜನ್ ಪರಮಾಣುಗಳನ್ನು ಕಳಚಿ ಅದನ್ನು ಆಲ್ಡಿಹೈಡ್ ಅಥವಾ ಕೀಟೋನ್ ಆಗಿಸುವ ಕ್ರಿಯೆ ಉತ್ಕರ್ಷಣೆಯ ಒಂದು ಬಗೆಯಾಗಿದ್ದು, ಸುಗಂಧದ್ರವ್ಯ ಮತ್ತು ಔಷಧಗಳ ತಯಾರಿಕೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಇಪ್ಪತ್ತನೆಯ ಶತಮಾನದ ಪ್ರಯೋಗಾಲಯಗಳು ಇದಕ್ಕೆ ಬಹುಮಟ್ಟಿಗೆ ಕ್ರೋಮಿಯಂ ಸಂಯುಕ್ತಗಳನ್ನು ನೆಚ್ಚಿಕೊಂಡಿದ್ದವು. 1946ರಲ್ಲಿ ಪ್ರಕಟವಾದ ಜೋನ್ಸ್ ವಿಧಾನವಾಗಲಿ, 1975ರಲ್ಲಿ ಕೋರಿ ಮತ್ತು ಸಗ್ಸ್ ಮುಂದಿಟ್ಟ ಪಿಸಿಸಿ ಎಂಬ ಕಾರಕವಾಗಲಿ ಕೆಲಸದಲ್ಲಿ ಸೋತದ್ದು ಅಪರೂಪ. ಆದರೆ ಕ್ಯಾನ್ಸರ್‌ಕಾರಕ ರೂಪದ ಕ್ರೋಮಿಯಂ ಅನ್ನು ಪ್ರತಿ ಬಾರಿಯೂ ವ್ಯಯಿಸಿ, ವಿಷಯುಕ್ತ ತ್ಯಾಜ್ಯವನ್ನು ಉಳಿಸಿಹೋಗುವುದು ಇವೆರಡರ ಗುಣವೂ ಆಗಿತ್ತು.

ಈ ವಿಧಾನಗಳಿಗಿಂತ ಬಹಳ ಮೊದಲೇ ಬೆಳಕು ಅದೇ ಕೆಲಸವನ್ನು ಮಾಡಿ ತೋರಿಸಿತ್ತೆಂಬುದು ಗಮನಾರ್ಹ. ಟ್ರಿಯೆಸ್ಟೆಯಲ್ಲಿ ಹುಟ್ಟಿದ ಜಾಕೊಮೊ ಚಮಿಚಾನ್ 1886ರಲ್ಲಿ, ಹಳದಿ ಬಣ್ಣದ ಕ್ವಿನೋನ್ ಅನ್ನು ಆಲ್ಕೊಹಾಲ್‌ನಲ್ಲಿ ಕರಗಿಸಿ ಬಿಸಿಲಿಗಿಟ್ಟಾಗ ಕ್ವಿನೋನ್ ಹೈಡ್ರೋಕ್ವಿನೋನ್ ಆಗುವುದನ್ನೂ, ಆಲ್ಕೊಹಾಲ್ ಅಸಿಟಾಲ್ಡಿಹೈಡ್ ಆಗುವುದನ್ನೂ ಕಂಡನು. ಮುಂದೆ ಬೊಲೋನಾದಲ್ಲಿ ಪಾಲ್ ಸಿಲ್ಬರ್ ಜೊತೆಗೂಡಿ ವರ್ಷಗಟ್ಟಲೆ ಗಾಜಿನ ಪಾತ್ರೆಗಳನ್ನು ಬಿಸಿಲಿಗೊಡ್ಡಿ ದುಡಿದ ಈ ವಿಜ್ಞಾನಿ, ಕಲ್ಲಿದ್ದಲಿನ ಬದಲು ಸೂರ್ಯನನ್ನು ಆಶ್ರಯಿಸುವ ಕೈಗಾರಿಕೆಯನ್ನು 1912ರ ನ್ಯೂಯಾರ್ಕ್ ಉಪನ್ಯಾಸದಲ್ಲಿ ಕಲ್ಪಿಸಿಕೊಟ್ಟನು. ಆ ದೃಷ್ಟಿಯ ಹಿರಿಮೆ ಇಂದಿಗೂ ಕುಂದಿಲ್ಲ. ಆದರೂ ಅವನ ಕ್ರಿಯೆಯಲ್ಲಿ ಒಂದು ಕೊರತೆಯಿತ್ತು: ಆಲ್ಕೊಹಾಲ್‌ನಿಂದ ಹೈಡ್ರೋಜನ್ ಪಡೆದ ಕ್ವಿನೋನ್ ತಾನೇ ಮುಗಿದುಹೋಗುತ್ತಿತ್ತು. ಕ್ರಿಯೆಯನ್ನು ನಡೆಸಿಯೂ ತಾನು ಉಳಿಯುವ ವಸ್ತು, ಅಂದರೆ ಕ್ರಿಯಾವರ್ಧಕ, ಇನ್ನೂ ಬೇಕಾಗಿತ್ತು.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನು ವಿಭಜಿಸಬಲ್ಲದೆಂದು ತೋರಿಸಿದ ಮೇಲೆ ಈ ಬಿಳಿ ಪುಡಿಯತ್ತ ಗಮನ ಹರಿಯಿತು. ಆದರೆ ಅದು ಹೀರುವುದು ಹೆಚ್ಚಾಗಿ ನೇರಳಾತೀತ ಕಿರಣಗಳನ್ನು. ಬಿಸಿಲಿನಲ್ಲಿ ಅವುಗಳ ಪಾಲು ಅತ್ಯಲ್ಪ. 2008ರಲ್ಲಿ ಬೀಜಿಂಗ್‌ನ ಸಂಶೋಧಕರು ಅದರ ಮೇಲ್ಮೈಗೆ ಅಲಿಜರಿನ್ ರೆಡ್ ಎಂಬ ಬಣ್ಣವನ್ನು ಅಂಟಿಸಿ, ಟೆಂಪೊ ಎಂಬ ಸಹಾಯಕವನ್ನು ಬೆರೆಸಿದರು. ಗೋಚರ ಬೆಳಕನ್ನು ಹೀರಿದ ಬಣ್ಣವು ಎಲೆಕ್ಟ್ರಾನನ್ನು ಪುಡಿಗೆ ದಾಟಿಸುತ್ತದೆ, ಪುಡಿ ಅದನ್ನು ಆಮ್ಲಜನಕಕ್ಕೆ ಒಪ್ಪಿಸುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಬಣ್ಣ ಟೆಂಪೊವಿನಿಂದ ಅದನ್ನು ಪಡೆದು ಚೇತರಿಸಿಕೊಂಡರೆ, ಟೆಂಪೊ ಆಲ್ಕೊಹಾಲ್ ಅನ್ನು ಉತ್ಕರ್ಷಿಸುತ್ತದೆ. ಇಲ್ಲಿ ವ್ಯಯವಾಗುವುದು ಆಮ್ಲಜನಕ, ಬೆಳಕು ಮತ್ತು ಆಲ್ಕೊಹಾಲ್ ಮಾತ್ರ. ಚಮಿಚಾನನ ಕ್ರಿಯೆಗೆ ಬೇಕಿದ್ದ ಪೂರಣ ಇದೇ. 2010ರಲ್ಲಿ ಲೋಹವೇ ಇಲ್ಲದ ಕಾರ್ಬನ್ ನೈಟ್ರೈಡ್ ಕೂಡ ಗೋಚರ ಬೆಳಕು ಮತ್ತು ಆಮ್ಲಜನಕದ ನೆರವಿನಿಂದ ಇದೇ ಕಾರ್ಯವನ್ನು ಸಾಧಿಸಿತು.

ಬೆಂಜೈಲ್ ಆಲ್ಕೊಹಾಲ್‌ನಂಥ ಅಣುಗಳು ಈ ದಾರಿಗೆ ಸುಲಭವಾಗಿ ಒಗ್ಗುತ್ತವೆ, ಸರಳ ಆಲ್ಕೊಹಾಲ್‌ಗಳು ಅಷ್ಟಾಗಿ ಒಗ್ಗುವುದಿಲ್ಲ. ಬಣ್ಣದ ದ್ರವದೊಳಗೆ ಬೆಳಕು ಹೆಚ್ಚು ಆಳಕ್ಕೆ ಇಳಿಯದ ಕಾರಣ, ದೊಡ್ಡ ಪಾತ್ರೆಗಳನ್ನು ಬಿಟ್ಟು, ಎಲ್‌ಇಡಿ ದೀಪಗಳ ಎದುರು ತೆಳುವಾದ ಕೊಳವೆಗಳಲ್ಲಿ ದ್ರವವನ್ನು ಹರಿಸುವ ವಿಧಾನವೂ ಬಳಕೆಗೆ ಬಂದಿದೆ.