ಪವಾಯಿ ಕೆರೆ ಮತ್ತು ನಿವೃತ್ತ ಬೆಂಕಿದೋಣಿಯ ಪಾಠ

ಮುಂಬಯಿಗೆ ಕುಡಿಯುವ ನೀರು ಕೊಡುವ ಜಲಾಶಯಗಳ ಪಟ್ಟಿಯಲ್ಲಿ ಏಳು ಹೆಸರುಗಳಿವೆ: ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ, ಮೋಡಕ್ ಸಾಗರ, ತಾನ್ಸಾ, ವಿಹಾರ್ ಮತ್ತು ತುಳಸಿ. ಮಳೆಗಾಲ ಬಂತೆಂದರೆ ಇವುಗಳ ಮಟ್ಟ ಎಷ್ಟಾಯಿತೆಂದು ಇಡೀ ನಗರ ದಿನವೂ ವಿಚಾರಿಸುತ್ತದೆ. ಪವಾಯಿ ಕೆರೆ ಈ ಪಟ್ಟಿಯಲ್ಲಿಲ್ಲ. ಅದು ಕೋಡಿ ಬಿದ್ದ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ, ಈ ನೀರು ಕುಡಿಯಲು ಯೋಗ್ಯವಲ್ಲ ಎಂಬ ಮಾತೂ ಅದರ ಜೊತೆಗೇ ಇರುತ್ತದೆ. ಹೀಗಾಗಿ ಕೆರೆಯ ಕೆಲಸ ಮುಗಿಯಿತು, ಇನ್ನು ಅದು ಕಣ್ಣಿಗೆ ತಂಪು ಕೊಟ್ಟರೆ ಸಾಕು ಎಂಬ ಭಾವನೆ ಊರಿನಲ್ಲಿ ಬೇರೂರಿದೆ. ಈ ಭಾವನೆ ತಪ್ಪು. ಆಪತ್ಕಾಲಕ್ಕೆಂದು ಕಟ್ಟಿದ್ದನ್ನು ದಿನನಿತ್ಯದ ಉಪಯೋಗದಿಂದ ಅಳೆಯಬಾರದು ಎನ್ನುವುದಕ್ಕೆ ಪವಾಯಿಯ ಚರಿತ್ರೆಯಲ್ಲೂ ಬಂದರುಗಳ ಚರಿತ್ರೆಯಲ್ಲೂ ಬೇಕಾದಷ್ಟು ಪುರಾವೆ ಇದೆ.

ಪವಾಯಿ ಮೂಲತಃ ಬೇಸಾಯದ ಹಳ್ಳಿ. 19ನೇ ಶತಮಾನದ ಪೂರ್ವಾರ್ಧದಲ್ಲಿ ಇಲ್ಲಿನ ಜಮೀನು ಪಾರ್ಸಿ ವರ್ತಕ ಫ್ರಾಮ್‌ಜಿ ಕಾವಸ್‌ಜಿ ಅವರ ಸ್ವಾಧೀನದಲ್ಲಿತ್ತು. ಸಾಲ್ಸೆಟ್ ದ್ವೀಪದ ಗುಡ್ಡಗಳ ನಡುವಿನ ಈ ಕಣಿವೆಯ ಮೇಲೆ ನಗರದ ಕಣ್ಣು ಬಿದ್ದದ್ದು ನೀರಿಗಾಗಿ. 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ ಜಲಾಶಯಗಳು ಸಿದ್ಧವಾದರೂ ಬೆಳೆಯುತ್ತಿದ್ದ ನಗರದ ದಾಹ ತೀರಲಿಲ್ಲ. ದೂರದ ತಾನ್ಸಾದಿಂದ ನೀರು ತರುವ ದೊಡ್ಡ ಯೋಜನೆ ಇನ್ನೂ ಮುಗಿದಿರಲಿಲ್ಲ. ಅಷ್ಟರೊಳಗೆ ನೀರಿನ ಬರ ಬಂದರೆ ಏನು ಗತಿ ಎಂಬ ಅಂಜಿಕೆಯಲ್ಲಿ ಪವಾಯಿಯ ಹಳ್ಳಕ್ಕೆ ಕಟ್ಟೆ ಹಾಕಿದರು. ಪಾಲಿಕೆಯ ದಾಖಲೆಯಂತೆ ಕೆಲಸ ಮುಗಿದದ್ದು 1890ರಲ್ಲಿ, ತಗುಲಿದ ಖರ್ಚು 12.59 ಲಕ್ಷ ರೂಪಾಯಿ. 1892ರಲ್ಲಿ ತಾನ್ಸಾ ನೀರು ಬಂತು. ಪವಾಯಿಯ ನೀರಿನ ಗುಣ ಸಾಲದೆಂದು ಅದನ್ನು ಕುಡಿಯುವ ಬಳಕೆಯಿಂದ ಕೈಬಿಟ್ಟರು. ಅಂದರೆ ಈ ಕೆರೆ ಹುಟ್ಟಿದ್ದೇ ತುರ್ತು ಕೆಲಸಕ್ಕೆ. ಆ ತುರ್ತು ಕಳೆದ ಮೇಲೆ ಅದಕ್ಕೆ ಸಿಕ್ಕ ಕೆಲಸ ಕೈಗಾರಿಕೆಗಳಿಗೆ ಮತ್ತು ಆರೇ ಹಾಲಿನ ಕಾಲೊನಿಗೆ ನೀರು ಕೊಡುವುದು.

ಕೆರೆ ಇದ್ದಲ್ಲೇ ಇತ್ತು, ಸುತ್ತಲಿನ ಊರು ಬದಲಾಯಿತು. 1958ರಲ್ಲಿ ಇಲ್ಲಿಗೆ ಐಐಟಿ ಬಂತು, ಮರುವರ್ಷ ಮಾರ್ಚ್ 10ರಂದು ನೆಹರೂ ಅದರ ಶಂಕುಸ್ಥಾಪನೆ ಮಾಡಿದರು. ಲಾರ್ಸನ್ ಅಂಡ್ ಟೂಬ್ರೋ ಕಾರ್ಖಾನೆ ಬೆಳೆಯಿತು. 1980ರ ದಶಕದಿಂದೀಚೆಗೆ ಹೀರಾನಂದಾನಿ ಬಡಾವಣೆಯ ಎತ್ತರದ ಕಟ್ಟಡಗಳು ಎದ್ದವು. ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯ ವಾಹನಗಳು ಕೆರೆಯ ಮಗ್ಗುಲಲ್ಲೇ ಹಗಲಿರುಳು ಓಡುತ್ತಿವೆ. ಪದ್ಮಾವತಿ ದೇವಿಯ ಗುಡಿ, ಗಣೇಶ ವಿಸರ್ಜನೆಯ ಘಾಟು, ಗಾಳ ಹಾಕುವವರ ಸಂಘ, ದಡದಲ್ಲಿ ಬಿಸಿಲು ಕಾಯುವ ಮೊಸಳೆಗಳು ಎಲ್ಲವೂ ಈ ನೀರನ್ನೇ ನಂಬಿಕೊಂಡಿವೆ. ಆದರೆ ಊರಿನ ಯೋಜನೆ ಮಾಡುವವರಿಗೆ ಕೆರೆ ಬರಬರುತ್ತಾ ನೋಟದ ವಸ್ತುವಾಯಿತು. ಅಂಚಿನಲ್ಲಿ ಸೈಕಲ್ ಪಥ ಕಟ್ಟಲು ಪಾಲಿಕೆಯೇ ಹೊರಟಿತು, 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಕಾನೂನುಬಾಹಿರವೆಂದು ತಡೆಯಿತು. ಆ ತೀರ್ಪು ಕೆರೆಯ ಜಾಗವನ್ನು ಉಳಿಸಿತು. ಕೆರೆಯ ಕೆಲಸವೇನು ಎಂಬ ಪ್ರಶ್ನೆಗೆ ಊರು ಇನ್ನೂ ಉತ್ತರ ಕೊಡಬೇಕಾಗಿದೆ.

ಆ ಉತ್ತರ ಹುಡುಕಲು ಮುಂಬಯಿಯ ಇನ್ನೊಂದು ಅಂಚಿಗೆ, ಬಂದರಿಗೆ ಹೋಗಬೇಕು. 1944ರ ಏಪ್ರಿಲ್ 12ರಂದು ಫೋರ್ಟ್ ಸ್ಟಿಕಿನ್ ಎಂಬ ಹಡಗು ವಿಕ್ಟೋರಿಯಾ ಡಾಕ್ ಸೇರಿತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ ಸಾಮಗ್ರಿ, ಅದರ ಜೊತೆಗೇ ಕರಾಚಿಯಲ್ಲಿ ತುಂಬಿದ ಹತ್ತಿಯ ಸಾವಿರಾರು ಬೇಲುಗಳಿದ್ದವು. 14ರ ಮಧ್ಯಾಹ್ನ ಹಡಗಿನ ಒಡಲಲ್ಲಿ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ಬಂದರು, ಬೆಂಕಿ ಆರಿಸುವ ದೋಣಿಗಳೂ ಬಂದವು, 900 ಟನ್‌ಗೂ ಹೆಚ್ಚು ನೀರು ಸುರಿದರು. ಬೆಂಕಿ ಆರಲಿಲ್ಲ. ನೀರಿನ ಮೇಲೆ ತೇಲಿದ ಉರಿಯುವ ಹತ್ತಿ ಮೇಲಕ್ಕೆ ಬಂದು ಸ್ಫೋಟಕಗಳ ಹತ್ತಿರವಾಯಿತು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಸತ್ತವರ ಲೆಕ್ಕ 800ರಿಂದ 1,300ರವರೆಗೆ ಹೋಗುತ್ತದೆ. ಅವರಲ್ಲಿ 66 ಮಂದಿ ಅಗ್ನಿಶಾಮಕ ದಳದವರು. ಅವರ ನೆನಪಿಗಾಗಿಯೇ ಏಪ್ರಿಲ್ 14ನ್ನು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತದೆ.

ಇದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಮೊದಲು, 1943ರ ಏಪ್ರಿಲ್ 24ರಂದು, ನ್ಯೂಯಾರ್ಕ್ ಬಂದರಿನಲ್ಲಿ ಎಲ್ ಎಸ್ಟೆರೊ ಎಂಬ ಹಡಗಿಗೆ ಬೆಂಕಿ ಬಿದ್ದಿತ್ತು. ಅದರಲ್ಲಿದ್ದ ಮದ್ದುಗುಂಡೂ ಹೆಚ್ಚುಕಡಿಮೆ ಅಷ್ಟೇ ತೂಕದ್ದು. ಎಳೆದೋಣಿಗಳು ಹಡಗನ್ನು ಕಟ್ಟೆಯಿಂದ ದೂರ ಎಳೆದೊಯ್ದವು, ಬೆಂಕಿದೋಣಿಗಳು ದಾರಿಯುದ್ದಕ್ಕೂ ನೀರು ಹಾಯಿಸಿದವು, ಕೊನೆಗೆ ಹಡಗನ್ನು ಕೊಲ್ಲಿಯಲ್ಲಿ ಮುಳುಗಿಸಿದರು. ನಗರ ಉಳಿಯಿತು. ಆ ಬೆಂಕಿದೋಣಿಗಳಲ್ಲಿ ಒಂದು 1931ರಲ್ಲಿ ಕಟ್ಟಿದ ಜಾನ್ ಜೆ. ಹಾರ್ವಿ, ನಿಮಿಷಕ್ಕೆ ಸುಮಾರು 68,000 ಲೀಟರ್ ನೀರೆತ್ತುವ ಶಕ್ತಿ ಅದರದು. 1994ರಲ್ಲಿ ಅದು ನಿವೃತ್ತವಾಯಿತು. 1999ರಲ್ಲಿ ಹರಾಜಿಗೆ ಬಂದಾಗ ಆಸಕ್ತರ ಗುಂಪೊಂದು 28,010 ಡಾಲರ್ ಕೊಟ್ಟು ಕೊಂಡು, ರಿಪೇರಿ ಮಾಡಿಕೊಂಡು ಓಡಿಸುತ್ತಿತ್ತು. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಕುಸಿದು ನೆಲದಡಿಯ ಕೊಳವೆಗಳು ಒಡೆದವು, ರಸ್ತೆಬದಿಯ ಹೈಡ್ರಂಟುಗಳಲ್ಲಿ ನೀರು ನಿಂತಿತು. ಆಗ ಈ ನಿವೃತ್ತ ದೋಣಿ ಸೇವೆಯಲ್ಲಿದ್ದ ದೋಣಿಗಳ ಜೊತೆ ದಡಕ್ಕೆ ನಿಂತು, ಹಡ್ಸನ್ ನದಿಯ ನೀರನ್ನು ಸುಮಾರು 80 ಗಂಟೆ ಎತ್ತಿಕೊಟ್ಟಿತು. ಗುಜರಿಯ ಬೆಲೆಗೆ ಮಾರಾಟವಾದ ದೋಣಿ ಅದು. ಯಾರೋ ಅದರ ಪಂಪುಗಳನ್ನು ನಡೆಯುವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದರಿಂದ ಆ ದಿನ ನಗರಕ್ಕೆ ಒದಗಿತು.

ಪವಾಯಿ ಕೆರೆಯೂ ಇಂಥದೇ ನಿವೃತ್ತ ಸಾಧನ. ತುಂಬಿದಾಗ ಅದರಲ್ಲಿ 545 ಕೋಟಿ ಲೀಟರ್ ನೀರಿರುತ್ತದೆ, ನೀರಿನ ಹರವು 2.23 ಚದರ ಕಿಲೋಮೀಟರ್. ಹಾರ್ವಿಯಂಥ ಒಂದು ದೋಣಿ ಪೂರ್ಣ ಶಕ್ತಿಯಲ್ಲಿ 80 ಗಂಟೆ ನೀರೆತ್ತಿದರೂ ಬೇಕಾಗುವುದು ಸುಮಾರು 33 ಕೋಟಿ ಲೀಟರ್, ತುಂಬಿದ ಕೆರೆಯ ನೂರಕ್ಕೆ ಆರು ಪಾಲು. ಹೂಳು ತುಂಬಿ ಅರ್ಧವೇ ಉಳಿದಿದೆ ಎಂದು ಲೆಕ್ಕ ಹಿಡಿದರೂ ನೂರಕ್ಕೆ ಹನ್ನೆರಡು. ಗೋಪುರದಂಥ ಕಟ್ಟಡಗಳು, ಕಾರ್ಖಾನೆ, ಸಾವಿರಾರು ವಿದ್ಯಾರ್ಥಿಗಳ ವಸತಿ, ಆಚೆಗೆ ಬೇಸಿಗೆಯಲ್ಲಿ ಒಣಗುವ ಆರೇಯ ಹುಲ್ಲುಗಾವಲು ಇರುವ ಊರಿಗೆ, ಪಾಲಿಕೆಯ ಕೊಳವೆಗಳನ್ನು ನೆಚ್ಚಿಕೊಳ್ಳದ ಇಷ್ಟು ದೊಡ್ಡ ನೀರಿನ ಆಸರೆ ಮನೆಬಾಗಿಲಲ್ಲೇ ಇದೆ. ಹಾಗಾಗಿ ಈ ಕೆರೆಯನ್ನು ಬೆಂಕಿ ಆರಿಸುವ ಮೀಸಲು ನೀರೆಂದು ಅಧಿಕೃತವಾಗಿ ಗುರುತಿಸಬೇಕು ಎಂಬುದು ನನ್ನ ವಾದ.

ಪ್ರತಿ ಕಟ್ಟಡಕ್ಕೂ ತನ್ನದೇ ಟ್ಯಾಂಕು, ಪಂಪು ಇರುವಾಗ ಕೆರೆ ಯಾಕೆ ಎಂದು ಕೇಳಬಹುದು. ಟ್ಯಾಂಕು ಬೇಕೇ ಬೇಕು, ಮೊದಲ ಹೊತ್ತಿನ ಹೋರಾಟ ಅದರದೇ. ಆದರೆ ಟ್ಯಾಂಕಿನ ನೀರಿಗೆ ಮಿತಿಯಿದೆ. ಅದು ಮುಗಿದ ಮೇಲೆ ದೂರದಿಂದ ಟ್ಯಾಂಕರುಗಳು ಈ ಕಿಕ್ಕಿರಿದ ರಸ್ತೆಯಲ್ಲಿ ನುಸುಳಿ ಬರಬೇಕು. ನೀರು ಕೊಳಕಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಬೆಂಕಿಗೆ ಕುಡಿಯುವ ನೀರೇ ಆಗಬೇಕೆಂದಿಲ್ಲ. ಹಡ್ಸನ್ ನದಿಯ ನೀರೂ ಕುಡಿಯುವಂಥದಾಗಿರಲಿಲ್ಲ. ತೊಂದರೆ ಬರುವುದು ಬೇರೆ ಕಡೆ: ಕೆರೆಯ ಅಂಚಿನಲ್ಲಿ ಹೆಣೆದುಕೊಂಡ ಅಂತರಗಂಗೆಯ ಬೇರು ಮತ್ತು ತಳದ ಕೆಸರು ಹೀರುಕೊಳವೆಯ ತುದಿಯ ಜಾಲರಿಗೆ ಮೆತ್ತಿದರೆ ಎಂಥ ಪಂಪಿಗೂ ಸಾಕಷ್ಟು ನೀರು ಸಿಗುವುದಿಲ್ಲ. ಕಳೆ ತೆಗೆಯುವುದು, ಚರಂಡಿ ನೀರು ಸೇರದಂತೆ ತಡೆಯುವುದು ಇಷ್ಟು ದಿನ ಸೌಂದರ್ಯದ ಖರ್ಚಿನ ಬಾಬಾಗಿತ್ತು. ಮೀಸಲು ನೀರೆಂದು ಒಪ್ಪಿಕೊಂಡರೆ ಅದೇ ಕೆಲಸ ಸುರಕ್ಷತೆಯ ಬಾಬಾಗುತ್ತದೆ, ಮುಂದೂಡುವುದು ಸುಲಭವಾಗುವುದಿಲ್ಲ.

ಪರಿಸರದ ಕಾಳಜಿಯುಳ್ಳವರು ಎತ್ತುವ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಉಪಯೋಗದ ಹೆಸರಿನಲ್ಲಿ ದಡಕ್ಕೆ ಕಾಂಕ್ರೀಟು ಬರುತ್ತದೆ, ಮೊಸಳೆ ಮತ್ತು ಹಕ್ಕಿಗಳ ನೆಲೆ ಹೋಗುತ್ತದೆ ಎಂಬ ಅವರ ಭಯಕ್ಕೆ ಸೈಕಲ್ ಪಥವೇ ಆಧಾರ. ಆದರೆ ಬೆಂಕಿಗಾಗಿ ನೀರೆತ್ತಲು ಕೆರೆಯೊಳಗೆ ಕಟ್ಟಡ ಬೇಕಾಗಿಲ್ಲ. ಈಗಿರುವ ಘಾಟಿನ ಹತ್ತಿರ, ಗಾಡಿ ನಿಲ್ಲುವಷ್ಟು ಜಾಗವನ್ನು ಸದಾ ತೆರವಾಗಿಟ್ಟು, ಹೀರುಕೊಳವೆ ಇಳಿಸುವ ತಾಣವನ್ನು ಗೊತ್ತುಪಡಿಸಿದರೆ ಸಾಕು. ಆಪತ್ತಿಗೆ ಆಳವಾದ ನೀರು ಬೇಕು ಎಂದು ಒಪ್ಪಿದ ಊರು ಕೆರೆಯನ್ನು ಹೂಳಿ ಕಿರಿದು ಮಾಡಲು ಸುಲಭವಾಗಿ ಬಿಡುವುದಿಲ್ಲ. ಮೊಸಳೆಗೂ ಅಗ್ನಿಶಾಮಕ ದಳಕ್ಕೂ ಬೇಕಾದದ್ದು ಒಂದೇ ಕೆರೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ 1944ರದ್ದೇ. ಅಂದು ಸುತ್ತಲೂ ಸಮುದ್ರವಿತ್ತು, ದೋಣಿಗಳಿದ್ದವು, ಜೀವದ ಹಂಗು ತೊರೆದ ಜನರಿದ್ದರು, ಆದರೂ ನಗರ ಸುಟ್ಟಿತು. ನಿಜ. ರಿಪೇರಿಗಾಗಿ ಇಂಜಿನ್ ಬಿಚ್ಚಿದ್ದರಿಂದ ಫೋರ್ಟ್ ಸ್ಟಿಕಿನ್ ತಾನಾಗಿ ಕದಲುವಂತಿರಲಿಲ್ಲ. ಎಳೆದೊಯ್ಯಿರಿ ಅಥವಾ ಮುಳುಗಿಸಿ ಎಂಬ ಖಚಿತ ಆದೇಶವೂ ಹೊತ್ತಿಗೆ ಸರಿಯಾಗಿ ಹೊರಡಲಿಲ್ಲ. ನೀರು ಮತ್ತು ಶೌರ್ಯ ಎರಡೂ ಇದ್ದು ಸಿದ್ಧತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ 66 ಜನರ ಸಾವು ಸಾಕ್ಷಿ. ಆದ್ದರಿಂದ ಪವಾಯಿ ಕೆರೆಯ ಹೆಸರನ್ನು ಕಾಗದದ ಮೇಲೆ ಬರೆದಿಟ್ಟರೆ ಏನೂ ಆಗದು. ಪ್ರತಿ ವರ್ಷ ಏಪ್ರಿಲ್ 14ರಂದು ಅಗ್ನಿಶಾಮಕ ದಳ ಈ ದಡಕ್ಕೆ ಬಂದು, ಕೊಳವೆ ಇಳಿಸಿ, ನಿಮಿಷಕ್ಕೆ ಎಷ್ಟು ನೀರು ಎತ್ತಲಾಯಿತು, ಗಾಡಿಗೆ ದಾರಿ ಎಲ್ಲಿ ಕಟ್ಟಿತು, ಜಾಲರಿಗೆ ಏನು ಸಿಕ್ಕಿಕೊಂಡಿತು ಎಂದು ಅಳೆದು ಬರೆದಿಡಲಿ. ಕಂಡ ಕೊರತೆಯನ್ನು ಮುಂದಿನ ಏಪ್ರಿಲ್ ಒಳಗೆ ಸರಿಪಡಿಸುವ ಹೊಣೆ ಪಾಲಿಕೆಯದಾಗಲಿ, ಸರಿಹೋಯಿತೇ ಎಂದು ಕೇಳುವ ಹೊಣೆ ಪವಾಯಿಯವರದಾಗಲಿ.