ಹಗುರ ವಿಮಾನದ ಎಂಜಿನು ಮತ್ತು ಅದರ ಬಿಡಿಭಾಗಗಳು



ಭೂಪಟವೊಂದನ್ನು ಮುಂದಿಟ್ಟುಕೊಂಡು ಮುಂಬಯಿಯಿಂದ ಬಳ್ಳಾರಿಗೆ ನೇರವಾಗಿ ಒಂದು ಗೆರೆಯನ್ನೆಳೆದರೆ, ಆ ಗೆರೆಯು ಕುಷ್ಟಗಿ ಮತ್ತು ಗಂಗಾವತಿಗಳ ಸಮೀಪದಲ್ಲಿಯೇ ಹಾದುಹೋಗುತ್ತದೆ. ಯಲಬುರ್ಗಿ, ಕೊಪ್ಪಳಗಳೂ ಅದರಿಂದ ಬಹುದೂರವಿಲ್ಲ. 1932ನೆಯ ಇಸವಿ ಅಕ್ಟೋಬರ್ 15ರಂದು ಈ ದೇಶದ ಒಂದು ನಿಯತವಾದ ಒಳನಾಡಿನ ಅಂಚೆಯ ವಿಮಾನವು ಹೊರಟಿತು. ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ಮುಂದಕ್ಕೆ ಅದನ್ನು ನೆವಿಲ್ ವಿನ್ಸೆಂಟ್ ಎಂಬ ವಿಮಾನಚಾಲಕರು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಕೊಂಡೊಯ್ದರು. ಅಂದು ನಮ್ಮ ನಾಲ್ಕು ತಾಲ್ಲೂಕುಗಳೂ ನಿಜಾಮರ ಸಂಸ್ಥಾನದಲ್ಲಿದ್ದವು. ಅವುಗಳಲ್ಲಿ ಕೊಪ್ಪಳ ಯಲಬುರ್ಗಿಗಳು ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದವು. ಬಳ್ಳಾರಿಯಾದರೋ ಮದರಾಸು ಆಧಿಪತ್ಯದ ಊರು. ನೆಲದ ಮೇಲೆ ಇಷ್ಟು ಗಡಿಗಳಿದ್ದರೂ ಆಕಾಶದಲ್ಲಿ ದಾರಿಯು ಒಂದೇ ಆಗಿದ್ದಿತು.

ಆ ವಿಮಾನದ ಹೆಸರು ಪುಸ್ ಮಾತ್. ಅದಕ್ಕಿದ್ದುದು ಒಂದೇ ಎಂಜಿನು. ಜಿಪ್ಸಿ ಎಂದು ಅದರ ಹೆಸರು. ನಾಲ್ಕು ಸಿಲಿಂಡರು, ಸುಮಾರು 120 ಅಶ್ವಶಕ್ತಿ. ದಖ್ಖಣದ ಕಲ್ಲುಗುಡ್ಡಗಳ ಮೇಲೆ ಹಾರುವಾಗ ಆ ಒಂದು ಎಂಜಿನು ನಿಂತರೆ, ಚಾಲಕನಿಗೆ ಬಯಲೊಂದನ್ನು ಹುಡುಕಿ ಇಳಿಯುವುದರ ಹೊರತು ಬೇರೆ ಗತಿಯಿರಲಿಲ್ಲ. ಅದರ ತಿರುಪು, ಕವಾಟ, ಉಂಗುರಗಳೆಲ್ಲ ತಯಾರಾಗುತ್ತಿದ್ದುದು ಇಂಗ್ಲೆಂಡಿನಲ್ಲಿ. ಬರುತ್ತಿದ್ದುದು ಹಡಗಿನ ಮೇಲೆ. ಹೀಗಿದ್ದೂ ಆ ಅಂಚೆಯು ಮಳೆಗಾಲದಲ್ಲಿಯೂ ಹೊತ್ತು ತಪ್ಪದೆ ನಡೆಯಿತೆಂಬುದು ಚಾಲಕರ ಧೈರ್ಯಕ್ಕೆ ಎಷ್ಟೋ, ಯಂತ್ರವನ್ನು ನೋಡಿಕೊಂಡವರ ಎಚ್ಚರಕ್ಕೂ ಅಷ್ಟೇ ಸಾಕ್ಷಿ. ವಿಮಾನದ ಚರಿತ್ರೆಯನ್ನು ಬರೆಯುವವರು ಹಾರಿದವರ ಹೆಸರನ್ನು ಹೇಳುತ್ತಾರೆ. ಹಾರಿಸಿದ ಎಂಜಿನಿನ ಯೋಗಕ್ಷೇಮವನ್ನು ಯಾರು ನೋಡಿಕೊಂಡರು, ಅದಕ್ಕೆ ಬೇಕಾದ ಭಾಗಗಳು ಎಲ್ಲಿಂದ ಬಂದವು ಎಂಬುದನ್ನು ಹೇಳುವವರು ವಿರಳ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಎರಡನೆಯ ಚರಿತ್ರೆಯನ್ನು.

ಹಗುರ ವಿಮಾನದ ಎಂಜಿನಿನ ಹುಟ್ಟೇ ಬಿಡಿಭಾಗಗಳ ಕಥೆಯಾಗಿದೆ. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ರೆನೋ ಎಂಬ ಎಂಟು ಸಿಲಿಂಡರಿನ ವಿಮಾನದ ಎಂಜಿನುಗಳು ಬಳಕೆಯಿಲ್ಲದೆ ರಾಶಿಬಿದ್ದಿದ್ದವು. ಫ್ರಾಂಕ್ ಹಾಲ್ಫರ್ಡ್ ಎಂಬ ತಜ್ಞರು ಅವುಗಳ ಎಂಟು ಸಿಲಿಂಡರುಗಳಲ್ಲಿ ಒಂದು ಸಾಲಿನ ನಾಲ್ಕನ್ನು ಮಾತ್ರ ಉಳಿಸಿಕೊಂಡು, ಅರ್ಧ ಎಂಜಿನೆನ್ನಬಹುದಾದ ಒಂದು ಯಂತ್ರವನ್ನು ರಚಿಸಿದರು. ಅದೇ ಸಿರಸ್ ಎಂಬ 60 ಅಶ್ವಶಕ್ತಿಯ ಎಂಜಿನು. ಅದನ್ನು ಹೊತ್ತು 1925ರ ಫೆಬ್ರವರಿಯಲ್ಲಿ ಡಿ ಹ್ಯಾವಿಲೆಂಡ್ ಸಂಸ್ಥೆಯ ಮಾತ್ ವಿಮಾನವು ಮೊದಲು ಹಾರಿತು. ಹಳೆಯ ಭಾಗಗಳಿಂದ ಆದುದರಿಂದ ಬೆಲೆಯು ಅಗ್ಗವಾಯಿತು. ಬೆಲೆಯು ಅಗ್ಗವಾದುದರಿಂದ ಸಾಮಾನ್ಯ ಜನರ ವಿಮಾನಸಂಘಗಳು ಹುಟ್ಟಿದವು. ಆದರೆ ಕೂಡಿಟ್ಟ ಕಾಳು ಎಷ್ಟು ದಿನ ಬಂದೀತು? ಯುದ್ಧದ ದಾಸ್ತಾನು ಕರಗುತ್ತ ಬಂದಂತೆ, ಪರರ ಉಗ್ರಾಣವನ್ನು ನಂಬಿ ವಿಮಾನವನ್ನು ಮಾರುವುದು ಸಲ್ಲದೆಂದು ಡಿ ಹ್ಯಾವಿಲೆಂಡರು ಕಂಡುಕೊಂಡು, ಅದೇ ಹಾಲ್ಫರ್ಡರಿಂದ ಹೊಸದಾಗಿ ಒಂದು ಎಂಜಿನನ್ನು ಮಾಡಿಸಿ, ತಮ್ಮ ಕಾರ್ಖಾನೆಯಲ್ಲಿಯೇ ತಯಾರಿಸಿದರು. ಅದು 1927ರ ಜಿಪ್ಸಿ. ಐದು ವರ್ಷಗಳ ತರುವಾಯ ಬಳ್ಳಾರಿಗೆ ಅಂಚೆಯನ್ನು ತಂದುದು ಆ ವಂಶದ ಎಂಜಿನೇ.

ಇಲ್ಲಿ ನಮ್ಮ ಸೀಮೆಯ ಒಂದು ಮಾತನ್ನು ಹೇಳಿದರೆ ವಿಷಯವು ತಿಳಿಯಾದೀತು. ನನ್ನ ತಂದೆಯವರು ಕುಷ್ಟಗಿಯ ಕಡೆಯ ಮಸಾರಿ ಹೊಲದ ಬಾವಿಗೆ ಒಂದು ತೈಲದ ಎಂಜಿನನ್ನು ಕೂಡಿಸಿದ್ದರು. ಒಂದು ಬೇಸಗೆಯಲ್ಲಿ ಅದರ ಪಿಸ್ಟನಿನ ಉಂಗುರವು ಮುರಿಯಿತು. ಮಾರಿದ ಅಂಗಡಿಯವರು ಇಂದು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತ ಹದಿನೆಂಟು ದಿನಗಳನ್ನು ಕಳೆದರು. ಬಾವಿಯಲ್ಲಿ ನೀರಿದ್ದಿತು, ಹೊಲದಲ್ಲಿ ಮೆಣಸಿನ ಗಿಡವಿದ್ದಿತು, ಎಂಜಿನೂ ಇದ್ದಿತು. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಉಂಗುರವಿಲ್ಲದೆ ಗಿಡವು ಒಣಗಿತು. ಕಡೆಗೆ ಗಂಗಾವತಿಯಲ್ಲಿ ಅಕ್ಕಿಯ ಗಿರಣಿಗಳ ಕೆಲಸ ಮಾಡುವ ಲೇತಿನ ಮೇಸ್ತ್ರಿಯೊಬ್ಬರು ಬೇರೆ ಎಂಜಿನಿನ ಉಂಗುರವನ್ನು ತಿದ್ದಿ ಕೂಡಿಸಿದ ಮೇಲೆ ಯಂತ್ರವು ತಿರುಗಿತು.

ನೆಲದ ಎಂಜಿನಿಗೆ ಇಂತಹ ಜಾಣತನವು ಸಲ್ಲುತ್ತದೆ. ವಿಮಾನದ ಎಂಜಿನಿಗೆ ಸಲ್ಲುವುದಿಲ್ಲ. ಅದರ ಪ್ರತಿಯೊಂದು ಮುಖ್ಯ ಭಾಗಕ್ಕೂ ಕುಲಗೋತ್ರವಿರಬೇಕು. ಯಾವ ಕಾರ್ಖಾನೆಯಲ್ಲಿ ತಯಾರಾಯಿತು, ಯಾರು ಪರೀಕ್ಷಿಸಿದರು, ಎಷ್ಟು ಗಂಟೆ ಹಾರಿದೆ ಎಂಬ ಕಾಗದವು ಜೊತೆಗಿಲ್ಲದಿದ್ದರೆ, ಭಾಗವು ಎಷ್ಟೇ ಹೊಳೆಯುತ್ತಿದ್ದರೂ ಅದು ಗುಜರಿಗೆ ಸಮಾನ. ಇದು ಅಧಿಕಾರಿಗಳ ಹಟವೆಂದು ತೋರಬಹುದು, ಆದರೆ ಕಾರಣವು ಸ್ಪಷ್ಟವಾಗಿದೆ. ಬಾವಿಯ ಎಂಜಿನು ನಿಂತರೆ ಗಿಡ ಒಣಗುತ್ತದೆ. ಆಕಾಶದಲ್ಲಿ ನಿಂತರೆ ಮನುಷ್ಯನು ಬೀಳುತ್ತಾನೆ.

ಈ ಭಯವೇ ಹಗುರ ವಿಮಾನದ ಎಂಜಿನಿನ ರಚನೆಯನ್ನು ನಿರ್ಧರಿಸಿದೆ. ನೀರಿನ ಕೊಳವೆ ಒಡೆಯುವ ಚಿಂತೆಯೇ ಬೇಡವೆಂದು ಅದನ್ನು ಬಹುಮಟ್ಟಿಗೆ ಗಾಳಿಯಿಂದಲೇ ತಣಿಸುತ್ತಾರೆ. ಪ್ರತಿ ಸಿಲಿಂಡರಿಗೂ ಒಂದರ ಬದಲು ಎರಡು ಕಿಡಿಯ ಪ್ಲಗ್ಗುಗಳು. ಅವುಗಳಿಗೆ ವಿದ್ಯುತ್ತನ್ನು ಕೊಡಲು ಒಂದನ್ನೊಂದು ಅವಲಂಬಿಸದ ಎರಡು ಮ್ಯಾಗ್ನೆಟೋಗಳು. ಹಾರುವ ಮುನ್ನ ಚಾಲಕನು ಒಂದೊಂದನ್ನೇ ಆರಿಸಿ, ಎಂಜಿನಿನ ಸುತ್ತುಗಳು ಎಷ್ಟು ಇಳಿದವೆಂಬುದನ್ನು ನೋಡಿಕೊಂಡೇ ಹೊರಡುತ್ತಾನೆ. ಇಷ್ಟಾದರೂ ಸಾಲದೆಂದು, ಎಂಜಿನು ಚೆನ್ನಾಗಿ ನಡೆಯುತ್ತಿರುವಾಗಲೇ ಗೊತ್ತಾದ ಗಂಟೆಗಳು ತುಂಬಿದೊಡನೆ ಅದನ್ನು ಪೂರ್ತಿಯಾಗಿ ಬಿಚ್ಚಿ, ಅಳೆದು, ಸವೆದುದನ್ನು ಬದಲಾಯಿಸುವ ಪದ್ಧತಿಯಿದೆ. ಇಂದಿನ ಅನೇಕ ಹಗುರ ಎಂಜಿನುಗಳಿಗೆ ಈ ಅವಧಿಯು ಸುಮಾರು 2000 ಗಂಟೆ. ಆದುದರಿಂದ ವಿಮಾನದ ಎಂಜಿನನ್ನು ಕೊಳ್ಳುವುದೆಂದರೆ ಒಮ್ಮೆ ಹಣ ಕೊಟ್ಟು ಮುಗಿಸುವ ವ್ಯವಹಾರವಲ್ಲ. ಅದನ್ನು ಮಾಡಿದ ಕಾರ್ಖಾನೆಯೊಡನೆ ಬಹುಕಾಲದ ಬೀಗತನವನ್ನು ಬೆಳೆಸಿದಂತೆ.

ಕನ್ನಡನಾಡು ಈ ಪಾಠವನ್ನು ಬೆಂಗಳೂರಿನಲ್ಲಿ ಕಲಿಯಿತು. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ವಿಮಾನಗಳನ್ನು ನಿರ್ಮಿಸಬೇಕೆಂಬುದು ಅವರ ಆಸೆ. ಆದರೆ ಯುದ್ಧವು ಪೂರ್ವದೇಶಗಳಿಗೆ ಹಬ್ಬಿದಾಗ, ಹೊಸ ವಿಮಾನಕ್ಕಿಂತಲೂ ಕೆಟ್ಟ ವಿಮಾನವನ್ನು ಮರಳಿ ಹಾರಿಸುವುದು ಅವಸರದ ಕೆಲಸವಾಯಿತು. 1942ರಲ್ಲಿ ಭಾರತ ಸರ್ಕಾರವು ವಾಲ್‌ಚಂದರ ಪಾಲನ್ನು ಕೊಂಡಿತು. 1943ರಲ್ಲಿ ಆಡಳಿತವು ಅಮೆರಿಕದ ಸೇನೆಯ ವಾಯುದಳದ ವಶಕ್ಕೆ ಹೋಯಿತು. ವಿಮಾನಗಳನ್ನೂ ಎಂಜಿನುಗಳನ್ನೂ ಬಿಚ್ಚಿ ದುರಸ್ತಿ ಮಾಡುವ ದೊಡ್ಡ ಕಾರ್ಯಾಗಾರವಾಗಿ ಅದು ಬೆಳೆಯಿತು. ನಮ್ಮ ಕೆಲಸಗಾರರು ಎಂಜಿನಿನ ಅಂತರಂಗವನ್ನು ಮೊದಲು ಅರಿತುದು ಕಟ್ಟುವುದರಿಂದಲ್ಲ, ಬಿಚ್ಚುವುದರಿಂದ ಎಂಬುದನ್ನು ಮರೆಯಲಾಗದು.

ಆ ವಿದ್ಯೆಯು ಫಲಿಸಿತು. ಡಾಕ್ಟರ್ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರಚಿತವಾದ ಎಚ್‌ಟಿ-2 ಎಂಬ ಶಿಕ್ಷಣ ವಿಮಾನವು 1951ರ ಆಗಸ್ಟಿನಲ್ಲಿ ಹಾರಿತು. ರೆಕ್ಕೆ ನಮ್ಮದು, ಮೈ ನಮ್ಮದು, ಲೆಕ್ಕಾಚಾರ ನಮ್ಮದು. ಎಂಜಿನು ಮಾತ್ರ ಇಂಗ್ಲೆಂಡಿನ ಸಿರಸ್ ಮೇಜರ್, 155 ಅಶ್ವಶಕ್ತಿ. ಹಳೆಯ ಸಿರಸ್ ಎಂಬ ಹೆಸರು ಹೀಗೆ ನಮ್ಮಲ್ಲಿಗೂ ಬಂದಿತು. ಮುಂದೆ ಇಂಗ್ಲೆಂಡಿನಲ್ಲಿ ಆ ಎಂಜಿನಿನ ತಯಾರಿಕೆಯು ನಿಂತುಹೋಯಿತು. ಮೈಗಟ್ಟು ಗಟ್ಟಿಯಾಗಿದ್ದರೂ ಹೃದಯಕ್ಕೆ ಔಷಧವಿಲ್ಲದ ರೋಗಿಯ ಸ್ಥಿತಿಯು ವಿಮಾನಕ್ಕೊದಗಿತು. ಒಂದು ಎಚ್‌ಟಿ-2ಕ್ಕೆ ಅಮೆರಿಕದ ಲೈಕಮಿಂಗ್ ಎಂಜಿನನ್ನು ಕೂಡಿಸಿ ನೋಡಿದ ಪ್ರಯೋಗವೂ ನಡೆಯಿತು.

1958ರಲ್ಲಿ ವಿಮಾನಸಂಘಗಳಿಗಾಗಿ ಪುಷ್ಪಕವು ಬಂದಿತು. ಅದಕ್ಕೂ ಅಮೆರಿಕದ ಕಾಂಟಿನೆಂಟಲ್ ಎಂಜಿನು, 90 ಅಶ್ವಶಕ್ತಿ. ಇಲ್ಲಿ ನಮ್ಮವರು ಒಂದು ಹೆಜ್ಜೆ ಮುಂದಿಟ್ಟು, ಅಷ್ಟೇ ಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನನ್ನು ತಾವೇ ರಚಿಸಿ ಪಿಇ-90ಎಚ್ ಎಂದು ಹೆಸರಿಟ್ಟರು. ಆದರೆ ಎಂಜಿನನ್ನು ಒಮ್ಮೆ ಓಡಿಸಿ ತೋರಿಸುವುದು ಬೇರೆ, ವರುಷವರುಷವೂ ಅದರ ಭಾಗಗಳನ್ನು ಒದಗಿಸುವ ಉದ್ಯಮವನ್ನು ನಿಲ್ಲಿಸುವುದು ಬೇರೆ. ಕೆಲವು ನೂರು ವಿಮಾನಗಳಿಗೂ ಮೀರದ ಬೇಡಿಕೆಗೆ ಎರಕ, ಕಮ್ಮಟ, ಪರೀಕ್ಷೆಗಳ ವೆಚ್ಚವನ್ನು ಹಂಚಿದರೆ ಒಂದೊಂದು ಭಾಗದ ಬೆಲೆಯೂ ಗಗನಕ್ಕೇರುತ್ತದೆ. ಪುಷ್ಪಕವು ಕಾಂಟಿನೆಂಟಲ್ ಎಂಜಿನಿನ ಮೇಲೆಯೇ ಬಾಳಿತು.

ಇನ್ನು ಒಂದು ದುಃಖದ ಪ್ರಕರಣವನ್ನು ಹೇಳಬೇಕಾಗಿದೆ. ಎಚ್‌ಟಿ-2ರ ಬಳಿಕ ಅದೇ ಸಂಸ್ಥೆಯು ನಿರ್ಮಿಸಿದ ದೀಪಕ್ ಎಂಬ ಎಚ್‌ಪಿಟಿ-32 ವಿಮಾನವು 1977ರಲ್ಲಿ ಮೊದಲು ಹಾರಿತು. ಅದರ ಲೈಕಮಿಂಗ್ ಎಂಜಿನು 260 ಅಶ್ವಶಕ್ತಿಯುಳ್ಳದ್ದು. ಆ ವಂಶದ ಎಂಜಿನುಗಳು ಲೋಕದ ಅನೇಕ ವಿಮಾನಗಳಲ್ಲಿ ಒಳ್ಳೆಯ ಹೆಸರನ್ನು ಗಳಿಸಿವೆ. ಆದರೂ ದೀಪಕದಲ್ಲಿ ಎಂಜಿನು ಆಕಾಶದಲ್ಲಿಯೇ ನಿಲ್ಲುವ ಘಟನೆಗಳು ಮರುಕಳಿಸಿದವು. ಇಂಧನವು ಎಂಜಿನಿಗೆ ಹರಿಯುವ ಏರ್ಪಾಡಿನ ಮೇಲೆ ಸಂಶಯವು ಬಿದ್ದಿತು. ಎಂಜಿನು ನಿಂತ ಮೇಲೆ ತೇಲುತ್ತ ದೂರ ಸಾಗುವ ಗುಣವೂ ಆ ವಿಮಾನಕ್ಕೆ ಕಡಿಮೆ. ಒಟ್ಟು 17 ಅಪಘಾತಗಳಲ್ಲಿ 19 ಮಂದಿ ಚಾಲಕರು ಮಡಿದರು. 2009ರ ಜುಲೈ 31ರಂದು ಇಬ್ಬರು ಬೋಧಕರು ತೀರಿಕೊಂಡ ಬಳಿಕ ಅದನ್ನು ಹಾರಿಸುವುದನ್ನೇ ನಿಲ್ಲಿಸಲಾಯಿತು. ವಿಶ್ವಾಸಾರ್ಹತೆಯೆಂಬುದು ಎಂಜಿನೊಂದರ ಗುಣವಲ್ಲ. ಅದು ಕುಳಿತ ಮನೆ, ಅದಕ್ಕೆ ಉಣಿಸುವ ಕೊಳವೆ, ಅದನ್ನು ನೋಡಿಕೊಳ್ಳುವ ಕೈ ಎಲ್ಲವೂ ಕೂಡಿದ ಗುಣವೆಂಬುದನ್ನು ಆ ಹತ್ತೊಂಬತ್ತು ಜೀವಗಳ ಬೆಲೆ ತೆತ್ತು ಕಲಿಯಬೇಕಾಯಿತು.

ಇಂಧನವೂ ಒಂದು ಬಿಡಿಭಾಗವೇ ಸರಿ. ಹಳೆಯ ಮಾದರಿಯ ಹಗುರ ಎಂಜಿನುಗಳು ಬೇಡುವ ವಿಶೇಷವಾದ ವಿಮಾನದ ಪೆಟ್ರೋಲನ್ನು ನಾವು ಬಹುಕಾಲ ಹೊರದೇಶದಿಂದಲೇ ತರಿಸುತ್ತಿದ್ದೆವು. 2022ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ವಡೋದರೆಯಲ್ಲಿ ತಯಾರಿಸಿದ ಇಂಧನವು ಬಿಡುಗಡೆಯಾಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರಚಿಸಿದ ಹಂಸ ವಿಮಾನದ ಹೊಸ ರೂಪವು 2021ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿತು. ಅದರ ರೋಟ್ಯಾಕ್ಸ್ ಎಂಜಿನು ಮೋಟಾರಿನ ಪೆಟ್ರೋಲನ್ನೂ ಒಪ್ಪುವ ವಂಶದ್ದು. ಇಂಧನದ ಚಿಂತೆಯು ಇದರಿಂದ ಕಡಿಮೆಯಾಗುತ್ತದೆ. ಆದರೆ ಎಂಜಿನಿನ ತವರು ಆಸ್ಟ್ರಿಯ ದೇಶ. ಮೈ ನಮ್ಮದು, ಹೃದಯ ಪರರದು ಎಂಬ 1951ರ ಮಾತು ಇನ್ನೂ ಹಳೆಯದಾಗಿಲ್ಲ.

ಕೊಪ್ಪಳದ ಕೋಟೆಯನ್ನು ನೋಡಿದವರು ಅದರ ಬಲವನ್ನು ಬಲ್ಲರು. ಟಿಪ್ಪು ಸುಲ್ತಾನನು 1786ರಲ್ಲಿ ಅದನ್ನು ಪಡೆದು ಫ್ರೆಂಚ್ ಎಂಜಿನಿಯರುಗಳಿಂದ ಮತ್ತೆ ಕಟ್ಟಿಸಿದನು. 1790ರಲ್ಲಿ ನಿಜಾಮರ ಮತ್ತು ಇಂಗ್ಲಿಷರ ಸೇನೆಗಳು ಮುತ್ತಿದಾಗ ಅದು ಆರು ತಿಂಗಳು ಬಗ್ಗಲಿಲ್ಲ. 1791ರ ಮಾರ್ಚಿಯಲ್ಲಿ ಬೆಂಗಳೂರು ಶತ್ರುವಶವಾದ ತರುವಾಯ ಶರಣಾಯಿತು. ಕಲ್ಲು ಸಡಿಲವಾಗಿರಲಿಲ್ಲ; ಒತ್ತಾಸೆಯ ದಾರಿ ಮುಚ್ಚಿದ್ದಿತು. ಯಂತ್ರಕ್ಕೂ ಈ ಮಾತು ಅನ್ವಯಿಸುತ್ತದೆ.

ಇಂದು ಕೊಪ್ಪಳದ ಬಳಿಯಲ್ಲಿಯೂ ಖಾಸಗಿಯಾದ ಒಂದು ವಿಮಾನಪಥವಿದೆ. ನಮ್ಮ ಕಾಲೇಜುಗಳ ಹುಡುಗರು ವಿಮಾನವನ್ನು ಹಾರಿಸುವ ಕನಸನ್ನು ಕಾಣುತ್ತಾರೆ, ಕಾಣಲಿ. ಅವರಲ್ಲಿ ಕೆಲವರಾದರೂ ಅದರ ಉಂಗುರವನ್ನು, ಕವಾಟವನ್ನು, ಮ್ಯಾಗ್ನೆಟೋವನ್ನು ಪ್ರಮಾಣಬದ್ಧವಾಗಿ ತಯಾರಿಸುವ ಕನಸನ್ನೂ ಕಾಣಬೇಕೆಂದು ನನ್ನ ಬಯಕೆ. ಗಂಗಾವತಿಯ ಆ ಮೇಸ್ತ್ರಿಯ ಕೈಯಲ್ಲಿದ್ದ ಜಾಣತನಕ್ಕೆ ಅಳತೆಯ ಶಿಸ್ತು, ಪರೀಕ್ಷೆಯ ಕಾಗದ ಎರಡೂ ಕೂಡಿದಲ್ಲಿ ಮಾತ್ರ ಆಕಾಶದ ಎಂಜಿನು ನಮ್ಮದಾದೀತು. ಯಾವ ಯಂತ್ರದ ಮುರಿದ ತುಂಡನ್ನು ನಾವೇ ಮಾಡಿಕೊಳ್ಳಬಲ್ಲೆವೋ, ಆ ಯಂತ್ರವು ನಮ್ಮದು. ಉಳಿದುವೆಲ್ಲ ನಮ್ಮಲ್ಲಿಗೆ ಬಂದ ಅತಿಥಿಗಳು.